ಜಗಲಿಯಲ್ಲಿ ಬಿಟ್ಟ ಬೂಟು

ನನ್ನ ಕಾಲುಗಳಿಗೆ ಒಂದು ಚಟವಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವುದಾದರೂ ಬಾಗಿಲು ಕಂಡರೆ ಸಾಕು, ನನ್ನನ್ನು ಒಂದು ಮಾತೂ ಕೇಳದೆ ಅವು ಚಪ್ಪಲಿಯನ್ನೋ ಶೂವನ್ನೋ ಕಳಚಿ ನಿಂತುಬಿಡುತ್ತವೆ. ಒಮ್ಮೆ ನಮ್ಮ ಆಫೀಸಿನ ಮೇಲಧಿಕಾರಿ ತಮ್ಮ ಮನೆಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಕರೆದಿದ್ದರು. ಹೊರಗಿನ ಮೆಟ್ಟಿಲ ಮೇಲೆ ಶೂ ಬಿಟ್ಟು ಒಳಗೆ ಹೋದೆ. ನೋಡಿದರೆ ಅಷ್ಟೂ ಜನ ಶೂ ಹಾಕಿಕೊಂಡೇ ವೈನ್ ಹಿಡಿದು ನಿಂತಿದ್ದಾರೆ. ನನ್ನ ಎಡಗಾಲಿನ ಕಾಲುಚೀಲಕ್ಕೆ ತೂತು ಬೇರೆ. ಹೆಬ್ಬೆರಳನ್ನು ಒಳಕ್ಕೆ ಮಡಚಿಕೊಂಡು ಎರಡು ಗಂಟೆ ಕಾಲ ಆ ವರ್ಷದ ಫುಟ್‌ಬಾಲ್ ಬಗ್ಗೆ ಮಾತಾಡಿದೆ. ಫುಟ್‌ಬಾಲ್ ಬಗ್ಗೆ ನನಗೇನೂ ಗೊತ್ತಿಲ್ಲ, ಆದರೆ ಜನರ ಕಣ್ಣು ಕೆಳಗೆ ಬೀಳದಂತೆ ನೋಡಿಕೊಳ್ಳಬೇಕಿತ್ತಲ್ಲ.

ಹುಟ್ಟುಗುಣ ಎನ್ನಬಹುದಿತ್ತು. ಆದರೆ ಅದನ್ನು ಸಾಣೆ ಹಿಡಿದವಳು ನನ್ನ ಹೆಂಡತಿ ನಳಿನಿ. ಅವಳು ಧಾರವಾಡದವಳು, ನಾನು ಮೈಸೂರಿನವನು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಸಾಂಬಾರಿನ ಬೆಲ್ಲದಿಂದ ಹಿಡಿದು ಮಗಳ ಹೆಸರಿನವರೆಗೆ ಎಲ್ಲದರಲ್ಲೂ ನಾವು ಜಗಳವಾಡಿ ರಾಜಿಯಾಗಿದ್ದೇವೆ, ಪಾದರಕ್ಷೆಯ ವಿಷಯದಲ್ಲಿ ಮಾತ್ರ ಅವಳದೇ ಕಾನೂನು. ರಾಬಿನ್ಸ್‌ವಿಲ್‌ನ ನಮ್ಮ ಮನೆಯಲ್ಲಿ ಶೂಗಳು ಗ್ಯಾರೇಜಿನಿಂದ ಒಂದಂಗುಲ ಒಳಗೆ ಬಂದದ್ದಿಲ್ಲ. ಪ್ಲಂಬರ್ ಬಂದರೆ ಅವನ ಬೂಟಿನ ಮೇಲೆ ತೊಡಿಸಲು ಪ್ಲಾಸ್ಟಿಕ್ ಚೀಲ ಸಿದ್ಧವಾಗಿರುತ್ತದೆ. ಸಂಕ್ರಾಂತಿಗೆ ನಾಲ್ಕಾರು ಕನ್ನಡ ಕುಟುಂಬಗಳು ಬಂದರೆ ಗ್ಯಾರೇಜಿನಲ್ಲಿ ಮೂವತ್ತು ಜೊತೆ ಕಪ್ಪು ಬೂಟುಗಳು ಹಿಮದ ನೀರು ಸುರಿಸುತ್ತ ನಿಂತಿರುತ್ತವೆ. ಹೋಗುವಾಗ ಯಾರೋ ಒಬ್ಬರು ಇನ್ನೊಬ್ಬರ ಬೂಟಿನಲ್ಲಿ ಮನೆಗೆ ಹೋಗಿ, ಅರ್ಧ ದಾರಿಯಲ್ಲಿ ಫೋನ್ ಮಾಡುವುದು ನಮ್ಮಲ್ಲಿ ಹಬ್ಬದ ಒಂದು ಭಾಗವೇ ಆಗಿಹೋಗಿದೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಈ ಚಟ ಹೋದ ಫೆಬ್ರವರಿಯಲ್ಲಿ ನನ್ನನ್ನು ಒಂದು ಕಾಡಿನಲ್ಲಿ ಹಿಡಿದು ಕೂರಿಸಿತು. ಹಿಡಿದು ಕೂರಿಸಿದ್ದಕ್ಕೆ ನಾನು ಅದಕ್ಕೆ ಋಣಿ. ಹೇಗೆ ಅಂತ ಹೇಳುತ್ತೇನೆ.

ನನ್ನ ಉದ್ಯೋಗ ಒಂದು ವಿಮಾ ಕಂಪನಿಯಲ್ಲಿ. ಏನೇನು ಕೆಟ್ಟದ್ದು ಆಗಬಹುದು ಎಂದು ದಿನಕ್ಕೆ ಎಂಟು ಗಂಟೆ ಯೋಚಿಸುವುದೇ ಕೆಲಸ. ಆ ಕೆಲಸ ಸಂಜೆ ಐದಕ್ಕೆ ನಿಲ್ಲಬೇಕು, ನಿಲ್ಲುವುದಿಲ್ಲ. ಹಿಮ ಬೀಳುತ್ತದೆ ಎಂದು ಟಿವಿಯಲ್ಲಿ ಹೇಳಿದ ಕೂಡಲೇ ನನಗೆ ಕಾಣುವುದು ಜಾರಿ ಬಿದ್ದವನ ಸೊಂಟ, ಒಡೆದ ನೀರಿನ ಪೈಪು, ಮನೆ ಮುಂದಿನ ಡ್ರೈವ್‌ವೇಯ ಹಿಮ ತೋಡುತ್ತ ಎದೆ ಹಿಡಿದುಕೊಂಡವನು. ಇಷ್ಟು ವರ್ಷಗಳಲ್ಲಿ ಹಿಮ ನನಗೆ ಸಲಿಕೆ, ಉಪ್ಪು, ತಡವಾದ ರೈಲು ಇವೇ ಆಗಿತ್ತು. ನಳಿನಿಗೆ ಹಾಗಲ್ಲ ಎಂಬುದು ನನಗೆ ತಿಳಿಯದ್ದೇನಲ್ಲ. ಪ್ರತಿ ಚಳಿಗಾಲದಲ್ಲೂ ಅವಳು ಒಮ್ಮೆ ಕೇಳುತ್ತಿದ್ದಳು, 'ಒಂದ್ ರಾತ್ರಿ ಸ್ನೋದಾಗ ಹೋಗಿ ಮಲಗಿ ಬರೂಣಲ್ಲ?' ನಾನು 'ಮುಂದಿನ ವರ್ಷ ನೋಡೋಣ' ಎನ್ನುತ್ತಿದ್ದೆ. ಎರಡು ಸಲ ದಿನವನ್ನೂ ಗೊತ್ತುಮಾಡಿ, ಹಿಂದಿನ ದಿನ ನನಗೆ ಸರಿಯಾಗಿ ಗಂಟಲು ಕೆರೆದಿತ್ತು.

ಈ ಜನವರಿಯಲ್ಲಿ ನನ್ನ ಕೆಲಸವನ್ನು ಫೀನಿಕ್ಸ್ ಊರಿಗೆ ವರ್ಗ ಮಾಡಿದರು. ಜೂನ್‌ಗೆ ಹೊರಡಬೇಕು. ಮರಳುಗಾಡು, ಕಳ್ಳಿಗಿಡ, ಬೇಸಿಗೆಯಲ್ಲಿ ಹಂಚಿನಂತೆ ಕಾಯುವ ರಸ್ತೆ. ಒಳಗೊಳಗೇ ನನಗೆ ಖುಷಿಯಾಯಿತು, ಸಲಿಕೆಯನ್ನು ಯಾರಿಗೆ ದಾನ ಕೊಡಲಿ ಎಂದು ಆಗಲೇ ಯೋಚಿಸತೊಡಗಿದ್ದೆ. ನಳಿನಿ ಅವತ್ತು ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ ಹೇಳಿದಳು: 'ಹೋಗೂಣು, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಇದ ಕಡೀ ಚಳಿಗಾಲರೀ. ಇನ್ ಮುಂದಿನ ವರ್ಷ ಅಂತ ಹೇಳ್ಲಿಕ್ಕೆ ನಿಮಗ ಬರೂದಿಲ್ಲ.'

ಗಂಟಲು ಕೆರೆಯಲಿಲ್ಲ. ಕೆರೆದಿದ್ದರೆ ನಾನೇ ಅದನ್ನು ಹಿಸುಕಿಕೊಳ್ಳುತ್ತಿದ್ದೆ. ಕಾಲೇಜು ಓದುತ್ತಿರುವ ಮಗಳಿಗೆ ಫೋನ್ ಮಾಡಿ ಸುದ್ದಿ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. 'ಅಪ್ಪಾ, ಯು ವೇರ್ ಎ ಮಫ್ಲರ್ ಟು ಗೆಟ್ ದ ಮೇಲ್!' ಟಪಾಲು ಡಬ್ಬಿಯವರೆಗೆ ಹೋಗಲು ಮಫ್ಲರ್ ಸುತ್ತಿಕೊಳ್ಳುವುದು ನಿಜ. ಕಿವಿಗೆ ಗಾಳಿ ಹೊಕ್ಕರೆ ಏನಾಗುತ್ತದೆಂದು ಈ ದೇಶದಲ್ಲಿ ಹುಟ್ಟಿದವರಿಗೆ ಹೇಳಿ ಪ್ರಯೋಜನವಿಲ್ಲ.

ಇಂಥ ಹೊತ್ತಿನಲ್ಲಿ ನೆನಪಾಗುವವನು ಇಕ್ಬಾಲ್. ಮೈಸೂರಿನಲ್ಲಿ ನನ್ನ ಜೊತೆ ಪಿಯುಸಿ ಓದಿದವನು, ಈಗ ಫ್ಲೋರಲ್ ಪಾರ್ಕ್ ಎಂಬ ಊರಿನಲ್ಲಿ ಹಲ್ಲಿನ ಡಾಕ್ಟರು, ನನ್ನ ನಾಲ್ಕು ಹಲ್ಲುಗಳಿಗೆ ಸಿಮೆಂಟು ತುಂಬಿದವನು. ಹತ್ತು ವರ್ಷಗಳಿಂದ ಚಳಿಗಾಲದಲ್ಲಿ ಟೆಂಟು ಹೊತ್ತು ಕಾಡಿಗೆ ಹೋಗುತ್ತಾನೆ. ಯಾಕಯ್ಯಾ ಈ ಹುಚ್ಚು ಎಂದು ಕೇಳಿದೆ. ಆಗ ನನ್ನ ಬಾಯಿ ಅವನ ಕುರ್ಚಿಯಲ್ಲಿ ತೆರೆದಿತ್ತು, ಆದ್ದರಿಂದ ಪ್ರಶ್ನೆ ಅಷ್ಟು ಸ್ಪಷ್ಟವಾಗಿ ಬರಲಿಲ್ಲ. ಅವನಿಗೆ ಅರ್ಥವಾಯಿತು. 'ಸೊಳ್ಳೆ ಇಲ್ಲ, ಹಾವಿಲ್ಲ, ಕರಡಿ ಮಲಗಿರುತ್ತೆ. ಬೇಸಿಗೇಲಿ ಪಕ್ಕದ ಟೆಂಟೋನು ಹಾಡು ಹಾಕ್ತಾನೆ, ಈಗ ಪಕ್ಕದಲ್ಲಿ ಟೆಂಟೇ ಇರಲ್ಲ. ಸ್ನೋ ಬಿದ್ಮೇಲೆ ಕಾಡು ಬಾಯಿ ಮುಚ್ಕೊಂಡಿರುತ್ತೆ ಕಣಯ್ಯಾ. ವಾರವೆಲ್ಲ ತೆರೆದ ಬಾಯಿ ನೋಡೋ ನನಗೆ ಅದೆಷ್ಟು ನೆಮ್ಮದಿ ಗೊತ್ತಾ?'

ಟೆಂಟು, ಸ್ಲೀಪಿಂಗ್ ಬ್ಯಾಗು, ಒಲೆ ಎಲ್ಲ ಅವನೇ ಕೊಟ್ಟ. ಜೊತೆಗೆ ಹದಿನೆಂಟು ನಿಯಮಗಳ ಒಂದು ಪಟ್ಟಿ. ನಾನು ಅದನ್ನು ಪರೀಕ್ಷೆಗೆ ಓದುವಂತೆ ಓದಿದೆ. ಓದುತ್ತ ಹೋದಂತೆ ನನ್ನ ಅಜ್ಜಿ ಕಲಿಸಿದ್ದೆಲ್ಲ ತಪ್ಪೆಂದು ತೋರಿತು. ಹತ್ತಿಯ ಬನಿಯನ್ ಕೂಡದು, ಬೆವರು ಕುಡಿದು ತಣ್ಣಗಾಗುತ್ತದೆ, ಉಣ್ಣೆಯೇ ಆಗಬೇಕು. ತಲೆತುಂಬ ಮುಸುಕು ಎಳೆದು ಮಲಗಕೂಡದು, ಉಸಿರಿನ ತೇವದಿಂದ ಬ್ಯಾಗೇ ಒದ್ದೆಯಾಗುತ್ತದೆ, ಮಂಕಿ ಕ್ಯಾಪ್ ಹಾಕಿ ಮೂಗು ಹೊರಗಿಡಬೇಕು. ಚಳಿಯೆಂದು ಟೆಂಟಿನ ಕಿಂಡಿಗಳನ್ನೆಲ್ಲ ಮುಚ್ಚಕೂಡದು. ಒಲೆಯನ್ನು ಒಳಗೆ ತಂದು ಹಚ್ಚುವುದಂತೂ ಸಾವಿಗೆ ಹಾದಿ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಬೇಕು, ಮಂಜುಗಡ್ಡೆ ಮೇಲಿನಿಂದ ಕಟ್ಟುವುದರಿಂದ ಮುಚ್ಚಳದ ಬಾಯಿ ತೆರೆದಿರುತ್ತದೆ. ಮಲಗುವ ಮುಂಚೆ ಹೊಟ್ಟೆಗೆ ಜಿಡ್ಡು ಬೀಳಬೇಕು. ಈ ಕೊನೆಯ ನಿಯಮ ಓದಿದಾಗ ಮಾತ್ರ ಅಜ್ಜಿಯ ಮಾನ ಉಳಿಯಿತು. ನಳಿನಿ ಒಂದು ಡಬ್ಬಿ ತುಪ್ಪವನ್ನು ಮೊದಲು ಪ್ಯಾಕ್ ಮಾಡಿದಳು.

ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿತು. ಹಿಮದಲ್ಲಿ ಗೂಟ ನಿಲ್ಲುವುದಿಲ್ಲ. ಅದಕ್ಕೆ ಚೀಲದಲ್ಲಿ ಹಿಮ ತುಂಬಿ, ಟೆಂಟಿನ ಹಗ್ಗ ಕಟ್ಟಿ, ಗುಂಡಿಯಲ್ಲಿ ಹೂಳಿ, ಮೇಲೆ ತುಳಿದು ಅರ್ಧ ಗಂಟೆ ಬಿಡಬೇಕು, ಕಲ್ಲಾಗುತ್ತದೆ. ಇದಕ್ಕೆಂದೇ ಅಂಗಡಿಯಲ್ಲಿ ಚೀಲ ಸಿಗುತ್ತದಂತೆ. ನಳಿನಿ ನನ್ನನ್ನು ಮೇಲೆ ಕೆಳಗೆ ನೋಡಿದಳು. ಬೇಸ್‌ಮೆಂಟಿಗೆ ಇಳಿದು ಬಾಸ್ಮತಿ ಅಕ್ಕಿಯ ಖಾಲಿ ಚೀಲಗಳನ್ನು ತಂದಳು. ಜಿಪ್ ಇದೆ, ಹಿಡಿಕೆ ಇದೆ, ಹೊಲಿಗೆ ಗಟ್ಟಿಯಿದೆ. ನಮ್ಮ ಜನರಲ್ಲಿ ಯಾರೂ ಅದನ್ನು ಎಸೆದದ್ದನ್ನು ನಾನು ಕಂಡಿಲ್ಲ, ಯಾಕೆ ಇಟ್ಟುಕೊಂಡಿದ್ದೇವೆಂದೂ ಯಾರಿಗೂ ತಿಳಿದಿಲ್ಲ. 'ನೋಡ್ರಿ, ಯಾವಾಗರ ಬೇಕಾಗ್ತದ ಅಂತ ಹೇಳಿದ್ನಲ್ಲ' ಎಂದಳು. ಇಪ್ಪತ್ತೆರಡು ವರ್ಷ ಕಾದು ಗೆದ್ದವಳ ಧ್ವನಿ ಅದು.

ಫೆಬ್ರವರಿಯ ಒಂದು ಶನಿವಾರ ಕ್ಯಾಟ್ಸ್‌ಕಿಲ್ ಬೆಟ್ಟಗಳ ಕಡೆಗೆ ಡ್ರೈವ್ ಮಾಡಿದೆವು. ಕಾರು ನಿಲ್ಲಿಸಿ, ಮಗಳು ಚಿಕ್ಕಂದಿನಲ್ಲಿ ಜಾರುತ್ತಿದ್ದ ಪ್ಲಾಸ್ಟಿಕ್ ಜಾರುಬಂಡಿಯ ಮೇಲೆ ಸಾಮಾನು ಹೇರಿ, ಹಗ್ಗ ಹಿಡಿದು ಎಳೆಯುತ್ತ ಇಪ್ಪತ್ತು ನಿಮಿಷ ನಡೆದರೆ ಟೆಂಟು ಹಾಕುವ ಜಾಗ. ಕಾರು ಇಪ್ಪತ್ತೇ ನಿಮಿಷ ದೂರ ಎಂಬುದನ್ನು ನಾನು ಮನಸ್ಸಿನಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದೆ. ನನ್ನ ಉದ್ಯೋಗದವರು ಎಲ್ಲಿಗೆ ಹೋದರೂ ಮೊದಲು ಹೊರಬರುವ ಬಾಗಿಲು ನೋಡುತ್ತಾರೆ. ತೀರಾ ಚಳಿಯಾದರೆ ಕಾರಿಗೆ ಹೋಗಿ ಹೀಟರ್ ಹಾಕಿ ಕೂರುವುದು, ಅಲ್ಲಿಂದ ಮನೆಗೆ. ಇದನ್ನು ನಳಿನಿಗೆ ಹೇಳಿರಲಿಲ್ಲ.

ಮೊದಲ ಕೆಲಸ ಹಿಮ ತುಳಿಯುವುದು. ತುಳಿದು ಗಟ್ಟಿ ಮಾಡದೆ ಟೆಂಟು ಹಾಕಿದರೆ ರಾತ್ರಿ ನಾವು ಮಲಗಿದ ಆಕಾರಕ್ಕೇ ನೆಲ ಕುಸಿಯುತ್ತದೆ. ಇಬ್ಬರೂ ಎದುರುಬದುರಾಗಿ ನಿಂತು ಸುತ್ತಿ ಸುತ್ತಿ ತುಳಿದೆವು. ದೂರದಿಂದ ನೋಡಿದವರಿಗೆ ವಯಸ್ಸಾದ ದಂಪತಿಗಳು ಕೋಲಿಲ್ಲದೆ ಕೋಲಾಟ ಆಡುತ್ತಿದ್ದಾರೆ ಅನ್ನಿಸಿರಬೇಕು. ನಳಿನಿ ನಕ್ಕು ನಕ್ಕು ಎರಡು ಸಲ ಕುಳಿತಳು. ಅಕ್ಕಿ ಚೀಲಗಳನ್ನು ಹೂಳಿದೆವು, ಕಲ್ಲಾದವು. ಒಲೆಯ ಮೇಲೆ ಬಿಸಿಬೇಳೆಬಾತ್ ಬಿಸಿ ಮಾಡಿದೆವು, ತುಪ್ಪ ಡಬ್ಬಿಯಲ್ಲಿ ಸಾಬೂನಿನಂತೆ ಗಟ್ಟಿಯಾಗಿತ್ತು, ಕತ್ತರಿಸಿ ಹಾಕಿಕೊಂಡೆವು. ಐದೂವರೆಗೆಲ್ಲ ಕತ್ತಲು. ಮತ್ತೆ ಸಣ್ಣಗೆ ಹಿಮ ಉದುರತೊಡಗಿತು. ನಳಿನಿ ತಲೆಯ ಮೇಲೆ ಬಿದ್ದದ್ದನ್ನು ಕೊಡವದೆ ನಿಂತಿದ್ದಳು. 'ನೀವ್ ಒಳಗ ಹೋಗ್ರಿ, ನಾ ಸ್ವಲ್ಪ ನಿಂತ್ ಬರ್ತೀನಿ' ಎಂದಳು.

ಇಕ್ಬಾಲನ ಟೆಂಟಿನ ಬಾಗಿಲ ಮುಂದೆ ಎರಡು ಅಡಿಯಷ್ಟು ಜಾಗಕ್ಕೆ ಬಟ್ಟೆಯ ಮಾಡು ಚಾಚಿಕೊಂಡಿತ್ತು. ಅರೆ, ಜಗಲಿ ಇದೆಯಲ್ಲ ಎಂದು ನನಗೆ ಆ ಗುಡಾರದ ಮೇಲೆ ಪ್ರೀತಿ ಉಕ್ಕಿತು. ಜಗಲಿಯಲ್ಲಿ ಕುಳಿತೆ, ಬೂಟು ಬಿಚ್ಚಿದೆ, ಜೊತೆ ಮಾಡಿ ಮೂಲೆಯಲ್ಲಿಟ್ಟೆ, ಕಾಲುಚೀಲದ ಹಿಮ ಕೊಡವಿ ಒಳಗೆ ಹೋದೆ. ಎಷ್ಟು ಅಚ್ಚುಕಟ್ಟು! ಕುದಿನೀರು ತುಂಬಿದ ಬಾಟಲಿಯನ್ನು ತೊಡೆಯ ನಡುವೆ ಇಟ್ಟುಕೊಂಡು, ಮಂಕಿ ಕ್ಯಾಪ್ ಎಳೆದುಕೊಂಡು, ಹದಿನೆಂಟು ನಿಯಮಗಳನ್ನೂ ಪಾಲಿಸಿದ ತೃಪ್ತಿಯಲ್ಲಿ ನಿದ್ದೆಹೋದೆ. ಹನ್ನೊಂದನೆಯ ನಿಯಮ ಹೀಗಿತ್ತು: ಬೂಟುಗಳನ್ನು ಹೊರಗೆ ಬಿಡಬೇಡಿ, ಚೀಲದಲ್ಲಿ ಸುತ್ತಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ. ಅದನ್ನು ನಾನು ಓದಿದ್ದೆ, ಕೆಂಪು ಶಾಯಿಯಲ್ಲಿ ಗೆರೆಯನ್ನೂ ಎಳೆದಿದ್ದೆ. ಓದಿದ್ದು ಕಣ್ಣು. ಕಾಲುಗಳಿಗೆ ಯಾರು ಹೇಳಬೇಕು?

ಬೆಳಗಿನ ಜಾವ ಐದಕ್ಕೆ ಎಚ್ಚರವಾಯಿತು. ಬಾಟಲಿ ತಣ್ಣಗಾಗಿತ್ತು. ಚಳಿ ಎನ್ನುವ ಪದ ಅದಕ್ಕೆ ಸಾಲದು, ಹಲ್ಲಿನಲ್ಲಿ ತುಂಬಿದ ಸಿಮೆಂಟೂ ನಡುಗುತ್ತಿತ್ತು. ಮನಸ್ಸಿನಲ್ಲಿ ಮಡಚಿಟ್ಟಿದ್ದ ಉಪಾಯ ತಾನಾಗಿ ಬಿಚ್ಚಿಕೊಂಡಿತು: ಕಾರು, ಇಪ್ಪತ್ತು ನಿಮಿಷ, ಹೀಟರ್. ನಳಿನಿಯನ್ನು ಎಬ್ಬಿಸಿ, 'ಎದೆ ಯಾಕೋ ಹಿಡಿದ ಹಾಗಿದೆ' ಎಂದರೆ ಮುಗಿಯಿತು, ಅವಳು ಒಂದು ಮಾತೂ ಆಡದೆ ಹೊರಡುತ್ತಾಳೆ. ನಾಚಿಕೆಯ ಮಾತು, ಆದರೆ ಇಲ್ಲಿಯವರೆಗೆ ಹೇಳಿದವನು ಇದನ್ನು ಮುಚ್ಚಿಡುವುದು ಸರಿಯಲ್ಲ. ಮೊದಲು ಬೂಟು ಹಾಕಿಕೊಳ್ಳೋಣ ಎಂದು ಜಿಪ್ ಎಳೆದು ಜಗಲಿಗೆ ಕೈ ಚಾಚಿದೆ.

ಬೂಟು ಬೂಟಿನಂತಿರಲಿಲ್ಲ. ಹಿಂದಿನ ದಿನದ ಬೆವರು, ಹಿಮದ ತೇವ ಎಲ್ಲ ಸೇರಿ ಹೆಪ್ಪುಗಟ್ಟಿ ಕಬ್ಬಿಣದ ಅಚ್ಚಾಗಿತ್ತು. ಲೇಸುಗಳು ತಂತಿಯಂತೆ ನೆಟ್ಟಗೆ ನಿಂತಿದ್ದವು. ಹೆಬ್ಬೆರಳನ್ನೂ ಒಳಗೆ ತೂರಿಸಲಾಗಲಿಲ್ಲ. ಒಂದನ್ನೊಂದು ತಟ್ಟಿದರೆ ಠಣ್ ಎಂದಿತು. ಆ ಸದ್ದಿಗೆ ನಳಿನಿ ಎದ್ದಳು.

'ಎಲ್ಲಿಗ ಹೊಂಟೀರಿ?'

'ಎಲ್ಲಿಗೂ ಇಲ್ಲ. ಬೂಟು...'

ಅವಳು ಟಾರ್ಚ್ ಹಚ್ಚಿ ನೋಡಿದಳು. 'ಅಯ್ಯ ಶಿವನ! ಹೊರಗ ಬಿಟ್ಟಿದ್ರ್ಯಾ? ಕತ್ತಲಾಗ ನನಗ ಕಾಣಲೇ ಇಲ್ಲ. ನನ್ನೂವು ಇಲ್ಲೇ ಅದಾವ್ ನೋಡ್ರಿ, ಕಾಲ್ ಕಡೆ.' ಅವಳ ಬೂಟುಗಳು ಅಕ್ಕಿ ಚೀಲದಲ್ಲಿ ಸುತ್ತಿಕೊಂಡು ಅವಳ ಸ್ಲೀಪಿಂಗ್ ಬ್ಯಾಗಿನೊಳಗೆ ಬೆಚ್ಚಗೆ ಮಲಗಿದ್ದವು. ಗ್ಯಾರೇಜಿನ ಗಡಿ ಕಾಯುವವಳು ಒಂದು ರಾತ್ರಿಯ ಹಿಮಕ್ಕಾಗಿ ತನ್ನ ಕಾನೂನನ್ನೇ ಮುರಿದಿದ್ದಳು, ನಾನು ಅದನ್ನು ಕಾಡಿನಲ್ಲೂ ಪಾಲಿಸಿ ಕೆಟ್ಟಿದ್ದೆ.

'ಕೊಡ್ರಿ ಇಲ್ಲೆ' ಎಂದಳು.

'ಬೇಡ ನಳಿನಿ, ಮಣ್ಣಾಗಿದೆ. ಮಂಜುಗಡ್ಡೆ ಅದು.'

'ಕೊಡ್ರಿ ಅಂದ್ರ.'

ನನ್ನ ಬೂಟುಗಳನ್ನು ಇನ್ನೊಂದು ಅಕ್ಕಿ ಚೀಲದಲ್ಲಿ ಹಾಕಿ, ತನ್ನ ಬ್ಯಾಗಿನ ಜಿಪ್ ಇಳಿಸಿ, ಹೊಟ್ಟೆಗೆ ಅವುಚಿಕೊಂಡು ಮಲಗಿದಳು. ಒಮ್ಮೆ ಮೈ ಜುಮ್ಮೆಂದು ನಡುಗಿದ್ದು ನನಗೆ ಕಾಣಿಸಿತು. ಸುಳ್ಳು ಹೇಳಬೇಕೆಂದಿದ್ದ ನಾಲಿಗೆಗೆ ನಿಜವೇ ಬಂತು: 'ಕಾರಿಗೆ ಹೋಗಿಬಿಡೋಣ ಅಂತಿದ್ದೆ.'

ಅವಳು ಟಾರ್ಚ್ ಆರಿಸಿದಳು. 'ಹೋಗೂಣಂತ. ಬೂಟ್ ಕರಗ್ಲಿ' ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು.

ಬೂಟು ಮೆತ್ತಗಾಗಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಎಲ್ಲಿಗೂ ಹೋಗಲಾರದ ಇಬ್ಬರು ಮಲಗಿಕೊಂಡು ಮಾತಾಡಿದೆವು. ಹೀಗೆ ಮಾತಾಡಿ ಎಷ್ಟು ಕಾಲವಾಗಿತ್ತೋ. ಅವಳು ನಮ್ಮ ಮೊದಲ ಚಳಿಗಾಲದ ಕತೆ ಹೇಳಿದಳು. ಆಗ ಹೋಬೋಕನ್‌ನಲ್ಲಿ ಮೂರನೆಯ ಮಹಡಿಯ ಒಂದು ಕೋಣೆಯಲ್ಲಿದ್ದೆವು. ಜೀವನದಲ್ಲಿ ಮೊದಲ ಸಲ ಹಿಮ ಕಂಡವಳು ಹವಾಯಿ ಚಪ್ಪಲಿಯಲ್ಲೇ ಕೆಳಗೆ ಓಡಿದ್ದಳಂತೆ. ಕಿಟಕಿಯಿಂದ ನಾನು ಕೂಗಿದ್ದೆನಂತೆ, ಜ್ವರ ಬರುತ್ತೆ, ಮೇಲೆ ಬಾ ಎಂದು. ನನಗೆ ತೋರಿಸಲು ಒಂದು ಹಿಡಿ ಹಿಮ ಕೈಯಲ್ಲಿ ಹಿಡಿದು ಮೂರು ಮಹಡಿ ಹತ್ತಿ ಬಂದಳಂತೆ.

'ನೀವಂದ್ರಿ, ಅದನ್ನ ಸಿಂಕ್‌ನಾಗ ಹಾಕು, ನೆಲ ಹಸೀ ಆಗ್ತದ ಅಂತ. ಹಾಕ್ದೆ.'

ನನಗೆ ಇದು ಎಷ್ಟು ಯೋಚಿಸಿದರೂ ನೆನಪಿಲ್ಲ. ಏನೇನು ನಷ್ಟವಾಗಬಹುದೆಂದು ಜೀವಮಾನವೆಲ್ಲ ಲೆಕ್ಕ ಹಾಕಿದ್ದೇನೆ, ನಾನೇ ಮಾಡಿದ ಈ ನಷ್ಟ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಟೆಂಟಿನ ಬಟ್ಟೆ ನೀಲಿಯಾಗಿ, ಆಮೇಲೆ ಬೆಳ್ಳಗಾಯಿತು. ನಳಿನಿ ಚೀಲದಿಂದ ಬೂಟು ತೆಗೆದು, ಒಳಗೆ ಕೈ ಹಾಕಿ ನೋಡಿ, ನನಗೆ ಕೊಟ್ಟಳು. 'ತಗೋರಿ, ಬೆಚ್ಚಗಾಗ್ಯಾವ. ನಡೀರಿ ಕಾರಿಗೆ.'

ಹಾಕಿಕೊಂಡೆ. ಅಷ್ಟು ಬೆಚ್ಚನೆಯ ಬೂಟನ್ನು ನಾನು ಎಂದೂ ಹಾಕಿಕೊಂಡಿಲ್ಲ. ಹೊರಗೆ ಬಂದು ಒಲೆ ಹಚ್ಚಿದೆ. ಪಾತ್ರೆಯ ತಳಕ್ಕೆ ಸ್ವಲ್ಪ ನೀರು ಹಾಕಿ, ಮೇಲೆ ಹಿಮ ತುಂಬಿದೆ. ಬರಿಯ ಹಿಮ ಹಾಕಿದರೆ ತಳ ಹತ್ತುತ್ತದೆ, ಅದು ಹದಿನಾಲ್ಕನೆಯ ನಿಯಮ. ನಳಿನಿ ಟೆಂಟಿನಿಂದ ತಲೆ ಹೊರಗೆ ಹಾಕಿ, 'ಹೊರಡೂದಿಲ್ಲೇನ್ರೀ?' ಎಂದಳು. 'ಮೊದಲು ಕಾಫಿ' ಎಂದೆ. ಡಿಕಾಕ್ಷನ್ ಫ್ಲಾಸ್ಕಿನಲ್ಲಿತ್ತು. 'ಆಮೇಲೆ ಆ ಗುಡ್ಡದ ತುದಿವರೆಗೆ ಹೋಗಿ ಬರೋಣ. ಇನ್ನೂ ಯಾರೂ ನಡೆದಿಲ್ಲ ಅಲ್ಲಿ.'

ಅವಳು ಬೂಟು ಹಾಕಿಕೊಂಡು ಬಂದಳು, ನನ್ನನ್ನು ದಾಟಿ, ರಾತ್ರಿ ಬಿದ್ದ ಹೊಸ ಹಿಮದಲ್ಲಿ ಮೊಣಕಾಲವರೆಗೆ ಹೂತುಕೊಳ್ಳುತ್ತ ನಡೆದಳು. ಸೂರ್ಯ ಮೇಲೆ ಬರುತ್ತಿದ್ದ, ಮರಗಳೆಲ್ಲ ಬಾಯಿ ಮುಚ್ಚಿಕೊಂಡಿದ್ದವು, ಇಕ್ಬಾಲ್ ಹೇಳಿದ್ದು ನಿಜ. ಹಿಂತಿರುಗಿ ಬಂದು, ಐವತ್ತರ ಹತ್ತಿರದ ನನ್ನ ಹೆಂಡತಿ, ಒಂದು ಹಿಡಿ ಹಿಮವನ್ನು ನನ್ನ ಮುಂದೆ ಹಿಡಿದಳು. ನಾನು ಅದನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಸಿಮೆಂಟು ತುಂಬಿದ ನಾಲ್ಕೂ ಹಲ್ಲುಗಳು ಜುಮ್ಮೆಂದವು. 'ಹುಚ್ಚಪ್ಪ' ಎಂದು ನಕ್ಕಳು. ಕಣ್ಣು ಒರೆಸಿಕೊಂಡದ್ದು ಚಳಿಗಾಳಿಗೋ ಏನೋ, ನಾನು ಕೇಳಲಿಲ್ಲ. ಮಧ್ಯಾಹ್ನ ಎರಡರವರೆಗೂ ಅಲ್ಲೇ ಇದ್ದೆವು.

ಇಕ್ಬಾಲನಿಗೆ ಟೆಂಟು ವಾಪಸ್ ಕೊಡುವಾಗ ಬೂಟಿನ ವಿಷಯ ಹೇಳಿದೆ. ಅವನು ನಗಲಿಲ್ಲ. 'ನಾನೂ ಮೊದಲ ಸಲ ಹಾಗೇ ಮಾಡಿದ್ದೆ ಕಣಯ್ಯಾ, ನಮ್ಮಮ್ಮ ಹೊಡೆದು ಕಲಿಸಿದ್ದಲ್ವಾ ಅದು. ಅದಕ್ಕೇ ಲಿಸ್ಟಲ್ಲಿ ಹಾಕಿದ್ದು' ಎಂದ. ನನಗೆ ತುಸು ಸಮಾಧಾನವಾಯಿತು.

ಕಾಡಿನಿಂದ ಮನೆಗೆ ಬಂದ ದಿನ, ಎರಡೂ ಕೈಯಲ್ಲಿ ಸಾಮಾನು ಹಿಡಿದು, ಮೈಮರೆತು ಬೂಟುಗಾಲಿನಲ್ಲೇ ಅಡುಗೆಮನೆಗೆ ಕಾಲಿಟ್ಟೆ. 'ರೀ! ಬೂಟ್!' ಎಂಬ ಗರ್ಜನೆ ಕೇಳಿಸಿತು. ಬೆಳಗಿನ ಜಾವ ಅದನ್ನೇ ಹೊಟ್ಟೆಗೆ ಅವುಚಿಕೊಂಡಿದ್ದವಳು! ಬಾಲ ಮುದುರಿಕೊಂಡು ಗ್ಯಾರೇಜಿಗೆ ಹಿಂತಿರುಗಿದೆ.

ಈಗ ಮೇ ತಿಂಗಳು. ಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಸಲಿಕೆಯನ್ನು ಪಕ್ಕದ ಮನೆಯವರಿಗೆ ಕೊಟ್ಟಾಯಿತು, ಉಪ್ಪಿನ ಚೀಲವನ್ನೂ ಕೊಟ್ಟಾಯಿತು. ಹಿಮದ ಬೂಟು ಫೀನಿಕ್ಸ್‌ನಲ್ಲಿ ಏನು ಮಾಡಲು, ದಾನ ಕೊಟ್ಟುಬಿಡೋಣ ಎಂದು ನಿನ್ನೆ ಗ್ಯಾರೇಜಿನಲ್ಲಿ ಹುಡುಕಿದೆ. ಸಿಗಲಿಲ್ಲ. ಮೇಲೆ ಹೋಗಿ ನೋಡಿದರೆ ನಳಿನಿ ಅವನ್ನು ಒರೆಸಿ, ಅಕ್ಕಿ ಚೀಲದಲ್ಲಿ ಸುತ್ತಿ, ನಮ್ಮ ರಗ್ಗುಗಳ ನಡುವೆ ಇಟ್ಟು ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದಳು. ತಪ್ಪು ಪೆಟ್ಟಿಗೆಗೆ ಹಾಕಿದೆಯಲ್ಲೇ ಎಂದೆ. 'ನನಗ ಗೊತ್ತದ, ಸುಮ್ನಿರ್ರಿ' ಎಂದಳು. ಆಮೇಲೆ ಮಾರ್ಕರ್ ತೆಗೆದುಕೊಂಡು, ಪೆಟ್ಟಿಗೆಯ ಮೇಲೆ ತನ್ನ ದುಂಡನೆಯ ಅಕ್ಷರದಲ್ಲಿ, ಎಲ್ಲಿ ಇಳಿಸಬೇಕೆಂದು ಸಾಗಣೆಯವರಿಗೆ ತಿಳಿಯುವ ಹಾಗೆ ದೊಡ್ಡದಾಗಿ ಬರೆದಳು: ಬೆಡ್‌ರೂಮ್.